ಸುಣ್ಣ ಬಳಿದ ಒಂದನೇ ಕ್ಲಾಸು

ಗೇಟು ದಾಟುವ ಮೊದಲೇ ಹಸಿ ಸುಣ್ಣದ ವಾಸನೆ ಹೆಡ್ ಮೇಡಂ ಮೂಗಿಗೆ ಬಡಿಯಿತು. ಕೈಚೀಲವನ್ನು ಜಗಲಿಯ ಮೇಲೆ ಎಸೆದವರೇ ಒಂದನೇ ಕ್ಲಾಸಿನ ಕೋಣೆಗೆ ಓಡಿದರು. ಶಾಲೆಯ ಜವಾನ ಏಣಿಯಿಂದ ಇಳಿಯುತ್ತಿದ್ದ. ಮೂಗು, ಹುಬ್ಬು, ಕಿವಿಯ ಮೇಲೆಲ್ಲ ಸುಣ್ಣ. ಮುಖದಲ್ಲಿ ಮಗಳ ಮದುವೆ ಮುಗಿಸಿದವನ ಕಳೆ.

"ಗಂಟೆಯಣ್ಣ, ಏನ್ರೀ ಇದು?" ಗಂಟೆ ಹೊಡೆಯುವ ಅವನನ್ನು ಇಡೀ ಶಾಲೆ ಕರೆಯುತ್ತಿದ್ದದ್ದೇ ಹಾಗೆ.

"ಇಂಜಿನಿಯರ್ ಸಾಹೇಬ್ರು ಬರ್ತಾರಲ್ಲ ಮೇಡಂ. ಮನೆಗೆ ನೆಂಟರು ಬಂದಾಗ ಹರಕು ಚಾಪೆ ಹಾಸ್ತೀವಾ? ಮೇಲೆ ಚಾವಣಿಯ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿ ಸುಣ್ಣ ಹೊಡೆದುಬಿಟ್ಟೆ. ಹೆಂಗಿದೆ?"

"ಅಯ್ಯೋ ಪುಣ್ಯಾತ್ಮ! ಅವರು ಬರ್ತಿರೋದೇ ಆ ಬಿರುಕು ನೋಡೋಕೆ ಕಣ್ರೀ!"

ಸರ್ಕಾರ ಈ ವರ್ಷ ಹೊಸ ನಿಯಮ ಮಾಡಿತ್ತು. ರಿಪೇರಿ ದುಡ್ಡನ್ನು ಎಲ್ಲ ಶಾಲೆಗೂ ಚೂರುಪಾರು ಹಂಚುವುದಿಲ್ಲ. ಯಾವುದು ತೀರ ಹದಗೆಟ್ಟಿದೆಯೋ ಅದಕ್ಕೇ ಮೊದಲು ದುಡ್ಡು, ಅದೂ ಇಂಜಿನಿಯರ್ ಕಣ್ಣಾರೆ ಕಂಡು ಹೇಳಿದರೆ. ಒಳ್ಳೆಯ ನಿಯಮವೇ. ಆದರೆ ಇಷ್ಟು ಕಾಲ ಸಾಹೇಬರು ಬಂದರೆಂದರೆ ಶಾಲೆ ಥಳಥಳ ಹೊಳೆಯಬೇಕಿತ್ತು, ಇಲ್ಲದಿದ್ದರೆ ಬೈಗುಳ. ಗಂಟೆಯಣ್ಣ ಸರ್ವೀಸಿನುದ್ದಕ್ಕೂ ಕಲಿತದ್ದು ಅದೊಂದನ್ನೇ. ಈ ಸಲ ಹಾಗಲ್ಲ ಎಂದು ಅವನಿಗೆ ಹೇಳಬೇಕೆಂಬುದು ಮೇಡಂಗೂ ಹೊಳೆದಿರಲಿಲ್ಲ.

ಅವನ ಮುಖ ಸಣ್ಣಗಾಯಿತು. "ಕೆರೆದುಬಿಡ್ಲಾ ಮೇಡಂ?"

"ಕೆರೆದ್ರೆ ನಾವೇ ಕಿತ್ತು ನಾಟಕ ಆಡ್ತಿದ್ದೀವಿ ಅಂತಾರೆ. ಈ ವರ್ಷ ತಪ್ಪಿದ್ರೆ ಮತ್ತೆ ಯಾವಾಗಲೋ! ಆ ಮಕ್ಕಳನ್ನ ಎಲ್ಲಿ ಕೂರಿಸ್ಲಿ? ಬೇರೆ ಕೋಣೆ ಎಲ್ಲಿದೆ ನಮಗೆ?"

ಹೊರಗೆ ಜೀಪು ನಿಂತ ಸದ್ದಾಯಿತು.

ಇಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನವರು, ಅವಸರದವರು. ಒಳಗೆ ಬಂದು ಗೋಡೆಗೆ ಬೆರಳಿನಿಂದ ಟಕಟಕ ಬಡಿದರು, ತಲೆಯೆತ್ತಿ ಸುತ್ತ ನೋಡಿದರು. "ಪರವಾಗಿಲ್ಲ ಮೇಡಂ, ಚೆನ್ನಾಗಿಟ್ಕೊಂಡಿದ್ದೀರ."

ಆ ಹೊಗಳಿಕೆ ಕೇಳಿ ಮೇಡಂ ಅವಸರದಿಂದ ಮುಂದೆ ಬಂದರು. "ಇಲ್ಲ ಸರ್, ಮೇಲೆ ಗಾರೆ ಪೂರ್ತಿ ಸಡಿಲ ಆಗಿದೆ. ನಮ್ಮವರೇ ತಿಳೀದೆ..."

"ಎಲ್ಲ ಶಾಲೇಲೂ ಇದೇ ಹೇಳ್ತಾರೆ ಮೇಡಂ. ನಾನು ಕಂಡಿದ್ದು ಬರೀಬೇಕು, ಕೇಳಿದ್ದಲ್ಲ. ಕಣ್ಣಿಗೆ ಏನಾದ್ರೂ ಬೀಳ್ಬೇಕಲ್ಲ?" ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಗಂಟೆಯಣ್ಣ ಕಳ್ಳನ ಹಾಗೆ ತಲೆ ತಗ್ಗಿಸಿಕೊಂಡು ಗಂಟೆ ಹೊಡೆಯಲು ಹೊರಟ.

ಗಂಟೆಯಾಗಿದ್ದೇ ತಡ, ಮಕ್ಕಳು ಗಲಗಲ ನುಗ್ಗಿದವು. ಚೀಲ ಎಳೆದಾಡುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಗೋಡೆಯುದ್ದಕ್ಕೂ ಒತ್ತೊತ್ತಾಗಿ ಕೂತವು. ಜಾಗ ಸಾಲದೆ ಒಂದೆರಡು ಮಕ್ಕಳು ಪಕ್ಕದವರ ತೊಡೆಯನ್ನೇ ಏರಿದವು. ಕೋಣೆಯ ನಡುವೆ ಅಷ್ಟಗಲ ನೆಲ ಖಾಲಿ.

ಆ ಖಾಲಿ ನೆಲದಲ್ಲಿ ನಿಂತಿದ್ದ ಇಂಜಿನಿಯರ್‌ಗೆ ನಗು ಬಂತು. "ಯಾಕ್ರೋ, ಕುರಿಮಂದೆ ಥರ ಒತ್ಕೊಂಡಿದ್ದೀರಾ? ಇಲ್ಲಿ ಬನ್ನಿ, ಆರಾಮಾಗಿ ಕೂತ್ಕೊಳ್ಳಿ."

ಯಾರೂ ಅಲುಗಲಿಲ್ಲ. ಮಕ್ಕಳು ಮೇಡಂ ಮುಖ ನೋಡಿದವು. ಮೇಡಂ ನೆಲ ನೋಡುತ್ತಿದ್ದರು.

"ಅಲ್ಲಿ ಬೀಳತ್ತೆ ಸರ್," ಎಂದಳು ಎರಡು ಜಡೆಯ ಹುಡುಗಿ.

"ಏನು ಬೀಳತ್ತೆ ಪುಟ್ಟಿ?"

ಅವಳು ಬೆರಳನ್ನು ಮೇಲಕ್ಕೆ ತೋರಿಸಿದಳು. "ಅದು."

"ಬಿದ್ದಾಗ ಕಣ್ಣು ಮುಚ್ಕೋಬೇಕು ಸರ್," ಎಂದಿತು ಇನ್ನೊಂದು ದನಿ.

"ಬಾಯೀನೂ! ಮೊನ್ನೆ ಇವ್ಳು ಗಾರೆ ತಿಂದ್ಬಿಟ್ಟಿದ್ಳು!"

ಮಕ್ಕಳೆಲ್ಲ ಕಿಲಕಿಲ ನಕ್ಕವು. ಇಂಜಿನಿಯರ್ ನಗಲಿಲ್ಲ. ಕತ್ತೆತ್ತಿ ಮೇಲೆ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಫೈಲನ್ನು ಎತ್ತಿ ತಲೆಯ ಮೇಲೆ ಹಿಡಿದು, ಸದ್ದಾಗದಂತೆ ಹೆಜ್ಜೆಯೂರುತ್ತಾ ಹಿಂದಕ್ಕೆ ಸರಿದರು.

ಎರಡು ಜಡೆಯ ಹುಡುಗಿ ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಗೋಡೆಯ ಬದಿಯಲ್ಲಿ ಅವರಿಗೂ ಒಂದಿಷ್ಟು ಜಾಗ ಮಾಡಿಕೊಟ್ಟಳು.