ಗಿಳಿ ಕೂತ ಕೋಲು

ವಾಕರ್ ಪಡಸಾಲೆಯ ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಯಾರೋ ಒದ್ದೆ ಟವೆಲ್ ಹರವಿದ್ದರು. ಸಮಾಧಾನ ಚಪ್ಪಲಿ ಬಿಡುತ್ತಲೇ ಅದನ್ನು ನೋಡಿದ. ಆಮೇಲೆ ಬಾಗಿಲ ಹಿಂದೆ ನೋಡಿದ. ಅಲ್ಲಿ ಕೋಲು ಇರಲಿಲ್ಲ.

"ಅತ್ತಿ ಎಲ್ಲಿ?"

"ಸೋನಾಬಾಯಿ ಮಾವಶಿ ಮನಿಗಿ," ಅಡುಗೆಮನೆಯಿಂದ ಹೆಂಡತಿ ನೀಲಮ ಹೇಳಿದಳು. "ಅವರ ಮೊಮ್ಮಗಳನ್ನ ಇವತ್ತ ತೊಟ್ಟಿಲಾಗ ಹಾಕ್ತಾರಲ್ಲ. ಬಸ್ಸಿಗಿ ಹೋದ್ರ ಸುತ್ತ ಆಗತೈತಿ, ಬಂಧಾರ ಮ್ಯಾಲಿಂದ ಹೋಗ್ತೇನಿ ಅಂದ್ಲು."

"ಒಬ್ಬಾಕಿನ?"

"ಒಬ್ಬಾಕಿ ಯಾಕ? ನೀವ ಮಾಡಿದ ಗಿಳಿ ಐತೆಲ್ಲ ಜೋಡಿ."

ಅವಳು ನಗುತ್ತಿದ್ದಳು. ಸಮಾಧಾನನಿಗೆ ನಗು ಬರಲಿಲ್ಲ. ಈಗಷ್ಟೇ ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ತೂರಿಸಿದ.

"ಫೋನ್ ಹಚ್ಚಬ್ಯಾಡ್ರಿ, ಇಲ್ಲೇ ಚಾರ್ಜಿಗೆ ಇಟ್ಟ ಹೋಗ್ಯಾಳ," ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಅವನು ಗಾಡಿಗೆ ಕಿಕ್ ಹೊಡೆದಿದ್ದ.

ಆ ಕೋಲಿನಲ್ಲಿ ಸೀಳು ಇತ್ತು. ಅದು ಅವನೊಬ್ಬನಿಗೇ ಗೊತ್ತಿತ್ತು.

ಸಮಾಧಾನ ಏಕಸಂಬಿಯಲ್ಲಿ ನೀರು ಬಿಡುವ ಕೆಲಸದವನು. ಮೋಟಾರು ಚಾಲೂ ಮಾಡಿದರೆ ಟಾಕಿ ತುಂಬುವವರೆಗೆ ಕೂತಿರಬೇಕು. ಹಾಗೆ ಕೂತಾಗ ಫೋನಿನಲ್ಲಿ ಯಾರೋ ಒಬ್ಬ ಕಟ್ಟಿಗೆ ಕೆತ್ತಿ ಊರುಗೋಲು ಮಾಡುವುದನ್ನು ನೋಡಿದ. ನೋಡುತ್ತ ನೋಡುತ್ತ ಕೈ ತುರಿಸತೊಡಗಿತು. ಒಂದು ಚಾಕು, ಒಂದು ಸಣ್ಣ ಉಳಿ ತಂದುಕೊಂಡ. ಬೇಸಿಗೆಯಲ್ಲಿ ಅಕ್ಕುತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಮೇಲೆ ಆ ಹುಚ್ಚಿಗೊಂದು ನೆಪ ಸಿಕ್ಕಿತು. ಅಕ್ಕುತಾಯಿ ಅವನಿಗೆ ಮೊದಲು ಸೋದರತ್ತೆ, ಆಮೇಲೆ ಹೆಂಡತಿಯ ತಾಯಿ. ಆಪರೇಷನ್ ಮಾಡಿದ ಡಾಕ್ಟರು, ಇನ್ನೊಮ್ಮೆ ಬಿದ್ದರೆ ಎದ್ದು ಓಡಾಡುವ ಮಾತು ಮರೆತುಬಿಡಿ ಎಂದಿದ್ದರು. ವಾಕರನ್ನು ಕಂಡರೆ ಅವಳಿಗೆ ಸಿಟ್ಟು. "ಇದ ಕೂಸಿನ ಗಾಡಿ, ನನಗ ಬ್ಯಾಡ," ಎನ್ನುತ್ತಿದ್ದಳು.

ಹೊಲದ ಬದುವಿನ ಬಾರಿಹಣ್ಣಿನ ಗಿಡದ ಒಂದು ನೆಟ್ಟನೆಯ ಟೊಂಗೆ ಕಡಿದು ತಂದ. ಹಸಿ ಕಟ್ಟಿಗೆಯನ್ನು ನೆರಳಲ್ಲಿ ತಿಂಗಳುಗಟ್ಟಲೆ ಇಡಬೇಕೆಂದು ಫೋನಿನಲ್ಲಿದ್ದವನು ಹೇಳಿದ್ದ. ಅಷ್ಟು ದಿನ ಯಾರು ಕಾಯುತ್ತಾರೆ? ಗೆಳೆಯ ಅಮೋಲನ ಬೆಲ್ಲದ ಗಾಣ ಹಂಗಾಮಿಗೆ ಶುರುವಾಗಿತ್ತು. ಕಬ್ಬಿನ ಹಾಲು ಕುದಿಸುವ ಒಲೆಯ ಬಿಸಿಯಲ್ಲಿ ಒದ್ದೆ ಗೋಣಿಚೀಲ ಕೂಡ ಗಳಿಗೆಯಲ್ಲಿ ಗರಿಗರಿಯಾಗುವ ಜಾಗ ಅದು. ಸಮಾಧಾನ ಟೊಂಗೆಯನ್ನು ಒಲೆಯ ಮೇಲಿನ ತೊಲೆಗೆ ಕಟ್ಟಿಬಿಟ್ಟ. ಇಳಿಸಿದಾಗ ಬೆರಳಿಂದ ಬಡಿದರೆ ಟಣ್ ಅನ್ನುತ್ತಿತ್ತು. ಹೆಮ್ಮೆಯಿಂದ ಬೀಗಿದ. ತುದಿಯಲ್ಲಿ, ಹಿಡಿಕೆಗೆಂದು, ಒಂದು ಗಿಳಿ ಕೆತ್ತಿದ. ಕುತ್ತಿಗೆಯನ್ನು ತೆಳ್ಳಗೆ, ಸ್ವಲ್ಪ ಹೊರಳಿಸಿ, ನಿಜವಾದ ಗಿಳಿ ತಿರುಗಿ ನೋಡುವ ಹಾಗೆ ತಿದ್ದಿದ. ಪಾಲಿಶ್ ಕಾಗದ ಹಾಕಿ ತಿಕ್ಕುವಾಗ, ಕೋಲಿನ ನಡುವೆ, ಕೂದಲೆಳೆಯಂಥ ಸೀಳು ಕಂಡಿತು. ಉಗುರು ಹಾಕಿ ನೋಡಿದರೆ ಉಗುರು ಒಳಗೆ ಹೋಯಿತು.

ಅಂಟಿನಲ್ಲಿ ಕಟ್ಟಿಗೆಯ ಪುಡಿ ಕಲಸಿ ಒತ್ತಿದ. ಮೇಲೆ ವಾರ್ನಿಶ್ ಬಳಿದ. ಸೀಳು ಮಾಯವಾಯಿತು. ಅಂಗಳದಲ್ಲಿ ನಾಲ್ಕು ಮಂದಿಯ ಎದುರು ಕೋಲು ಹಿಡಿದು ಅತ್ತೆ ನಡೆದು ತೋರಿಸಿದಾಗ ಎಲ್ಲರೂ ಗಿಳಿಯ ಕುತ್ತಿಗೆ ಸವರಿ ಸವರಿ ನೋಡಿದರು. ಆಗಲೇ ಹೇಳಬೇಕಿತ್ತು. "ಅಂಗಳದಾಗ ಅಷ್ಟ ಅಡ್ಡಾಡ ಅತ್ತಿ," ಎಂದಷ್ಟೇ ಹೇಳಿದ್ದ.

ದೂಧಗಂಗೆ ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಬಾಯಲ್ಲಿ, ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ರಾಜಾರಾಮ ಎದುರಾದ.

"ಸಮಾಧಾನ, ನಿಮ್ಮ ಅತ್ತಿ ಮುಂದ ಮುಂದ, ಗಿಳಿ ಹಿಂದ ಹಿಂದ. ಆಕಿನ್ನ ಹಿಡಿಯೂದ ನಿನ್ನ ಕೈಲಿ ಆಗೂದಿಲ್ಲ ತಗೋ. ನಮ್ಮ ಅಪ್ಪಗ ಒಂದ ಮಾಡಿ ಕೊಡೋ ಮಾರಾಯಾ. ಅವಂಗ ನವಿಲ ಬೇಕಂತ."

"ಮಾಡೂನು, ಮಾಡೂನು," ಎಂದು ಸಮಾಧಾನ ಗಾಡಿಯನ್ನು ಅಲ್ಲೇ ನಿಲ್ಲಿಸಿದ. ಬಂಧಾರದ ಮೇಲೆ ಗಾಡಿ ಒಯ್ದರೆ ಸಪ್ಪಳಕ್ಕೆ ಅತ್ತೆ ಗಕ್ಕನೆ ತಿರುಗುತ್ತಾಳೆ. ತಿರುಗಿದರೆ ಮೈಭಾರವೆಲ್ಲ ಕೋಲಿನ ಮೇಲೆ.

ಬಂಧಾರದ ಅಂಚಿಗೆ ತಡೆಗಂಬಿ ಇರಲಿಲ್ಲ. ನೀರು ತಡೆಯುವ ಹಲಗೆ ಇಳಿಸಿದ್ದರಿಂದ ಒಂದು ಬದಿಗೆ ನೀರು ಅಂಚಿನವರೆಗೆ ತುಂಬಿ ಸುಮ್ಮನೆ ನಿಂತಿತ್ತು. ಇನ್ನೊಂದು ಬದಿಗೆ ಕೆಳಗೆ ಬರೀ ಬಂಡೆ. ನಟ್ಟನಡುವೆ ಅಕ್ಕುತಾಯಿಯ ಹಸಿರು ಸೀರೆ ಕಂಡಿತು.

ಕೂಗಲು ಬಾಯಿ ತೆರೆದು ಮುಚ್ಚಿಕೊಂಡ. ಓಡಲೂ ಹೆದರಿಕೆ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಿರುಸಾಗಿ ನಡೆದ. ಕೋಲಿನ ಟಕ್ ಟಕ್ ಕೇಳಿಸತೊಡಗಿತು. ಸದ್ದು ಬದಲಾಯಿತೇ? ಈಗ ಕೇಳಿದ್ದು ಸ್ವಲ್ಪ ಒಡಕು ದನಿಯಲ್ಲವೇ?

ಆಚೆ ದಂಡೆಯಿಂದ ಒಂದು ಮೋಟಾರ್ ಸೈಕಲ್ ಬಂತು, ಎರಡೂ ಬದಿಗೆ ಮೇವಿನ ಹೊರೆ. ದಾರಿ ಬಿಡಲು ಅಕ್ಕುತಾಯಿ ಬಂಡೆಗಳ ಬದಿಗೆ ಸರಿದಳು. ಅಂಚಿನಲ್ಲಿ ಕೋಲು ಊರಿ, ಗಿಳಿಯ ಮೇಲೆ ಎರಡೂ ಕೈ ಇಟ್ಟು, ಪೂರ್ತಿ ಒರಗಿ ನಿಂತಳು. ಮೇವು ಅವಳ ಸೀರೆಗೆ ಸವರಿಕೊಂಡು ಮುಂದೆ ಬಂತು, ಸಮಾಧಾನನ ಹೊಟ್ಟೆಗೂ ತಾಗಿತು. ಗಾಡಿ ದಾಟುತ್ತಲೇ ಅವನು ಹೋಗಿ ಅವಳ ರಟ್ಟೆ ಹಿಡಿದ.

"ಯಾರಲೇ?" ಎಂದು ತಿರುಗಿದಳು. "ನೀನಾ? ಚಪ್ಪಲಿ ಯಾಕ ಕೈಯಾಗ ಹಿಡದಿ?"

"ನನ್ನ ಹೆಗಲ ಹಿಡಿ ಅತ್ತಿ. ಕೋಲಿನ ಮ್ಯಾಲ ಭಾರ ಹಾಕಬ್ಯಾಡ."

"ಮತ್ತ ಕೋಲ ಎದಕ್ಕ ಮಾಡಿದಿ, ಫೋಟೋ ಹೊಡಿಯಾಕ?"

ಪಾಚಿಯಿದೆ, ಜಾರುತ್ತದೆ ಎಂದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಇವತ್ತಿನ ಮಟ್ಟಿಗೆ ಹೆಗಲು ಹಿಡಿಯುತ್ತಾಳೆ. ನಾಳೆ ಅವನು ಟಾಕಿಯ ಹತ್ತಿರ ಇರುವಾಗ ಮತ್ತೆ ಕೋಲು ಹಿಡಿದು ಹೊರಡುತ್ತಾಳೆ.

"ಕೋಲು ಸೀಳೇತಿ," ಎಂದ. "ನಡುವ. ಅಂಟ ತುಂಬಿ ಮುಚ್ಚೇನಿ."

ಅಕ್ಕುತಾಯಿ ಕೆಳಗಿನ ಬಂಡೆ ನೋಡಿದಳು. ಮತ್ತೆ ಅವನ ಮುಖ ನೋಡಿದಳು.

"ಯಾವಾಗಿಂದ ಗೊತ್ತೈತಿ?"

"ಮಾಡೂಮುಂದಿಂದ."

"ನನ್ನ ಕೈಯಾಗ ಕೊಡೂಮುಂದ ಹೇಳಾಕ ಏನಾಗಿತ್ತ ನಿನಗ?"

"ಎಲ್ಲಾರೂ ಚಲೋ ಆಗೇತಿ ಅಂದ್ರು."

ಅವಳು ಕೋಲನ್ನು ಅವನ ಕೈಗೆ ತುರುಕಿ ಹೆಗಲು ಹಿಡಿದಳು. ಆ ಹಿಡಿತ ಇಕ್ಕಳದಂತಿತ್ತು. ಉಳಿದ ಬಂಧಾರವನ್ನು ಇಬ್ಬರೂ ಹಾಗೇ ದಾಟಿದರು.

ಆಚೆ ದಂಡೆಯಲ್ಲಿ ಅವಳು ಒಂದು ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟಳು. "ಹೂಂ, ತೋರಸ. ಎಲ್ಲಿ ಸೀಳೇತಿ?"

ಸಮಾಧಾನ ಕೋಲನ್ನು ಎರಡು ಕಲ್ಲುಗಳ ನಡುವೆ ಅಡ್ಡ ಇಟ್ಟು, ಅಂಟು ತುಂಬಿದ ಕಡೆ ಕಾಲಿಟ್ಟು ತುಳಿದ. ಮುರಿಯಲಿಲ್ಲ. ಮೇಲೆ ನಿಂತೇಬಿಟ್ಟ. ಬಾಗಿತು, ಮತ್ತೆ ನೆಟ್ಟಗಾಯಿತು. ಅವನಿಗೆ ಒಳಗೊಳಗೇ ಹಗುರವಾಯಿತು. ಸುಮ್ಮನೆ ಹೆದರಿದೆನೇನೋ.

"ಗಟ್ಟಿ ಐತೆಲ್ಲೋ," ಎಂದಳು ಅಕ್ಕುತಾಯಿ. "ಹುಚ್ಚ ಸೂಳಿಮಗನ, ನನ್ನ ಎದಿ ಒಡಿಸಿದಿ. ತಾ ಇಲ್ಲಿ."

ಕೊಡಲು ಹೋದವನು ತಡೆದ. ಅವಳು ಹಿಡಿಯುವ ಹಾಗೆಯೇ ಒಮ್ಮೆ ನೋಡಿಬಿಡೋಣವೆನಿಸಿತು. ಕೋಲು ಊರಿ, ಗಿಳಿಯ ಮೇಲೆ ಎರಡೂ ಕೈ ಇಟ್ಟು ಪೂರ್ತಿ ಒರಗಿದ.

ಚಟ್ ಎಂದಿತು. ಅಂಗೈ, ಮೊಣಕಾಲು ಒಟ್ಟಿಗೆ ಕಲ್ಲಿಗೆ ಬಡಿದವು. ಗಿಳಿ ಅವನ ಮುಷ್ಟಿಯಲ್ಲೇ ಇತ್ತು. ಕೋಲು ಕುತ್ತಿಗೆಯಿಲ್ಲದೆ ಪಕ್ಕಕ್ಕೆ ಉರುಳಿತು. ಅಂಟು ತುಂಬಿದ ಸೀಳು ಹೇಗಿತ್ತೋ ಹಾಗೇ ಇತ್ತು. ಮುರಿದದ್ದು ಎಲ್ಲರೂ ಸವರಿ ನೋಡಿದ ಜಾಗ, ಅವನಿಗೆ ಎಂದೂ ಅನುಮಾನ ಬಾರದಿದ್ದ ಜಾಗ. ಕಟ್ಟಿಗೆ ಒಳಗೆ ಬಿಸ್ಕತ್ತಿನಂತೆ ಒಣಗಿತ್ತು.

ಅಕ್ಕುತಾಯಿ ಕೂತಲ್ಲಿಂದ ಕೈ ಚಾಚಿದಳು. "ಏಳ. ನಾ ಆಗಿದ್ರ ಏಳತಿದ್ದಿಲ್ಲ."

ಅವನು ಎದ್ದ. ಅಂಗೈಯಿಂದ ರಕ್ತ ಒಸರುತ್ತಿತ್ತು. ಅವಳು ಸೆರಗಿನ ತುದಿಯಿಂದ ಒರೆಸಿದಳು, ಮೆತ್ತಗೇನಲ್ಲ.

"ನೀಲಾಗ ಫೋನ್ ಹಚ್ಚ. ಕೂಸಿನ ಗಾಡಿ ಯಾರ ಕೈಯಾಗರೆ ಕೊಟ್ಟ ಕಳಸ ಅನ್ನ. ಮುಂದಿನ ಕೋಲಿಗೆ ಗಿಳಿ ಬ್ಯಾಡ, ನವಿಲ ಬ್ಯಾಡ. ಒಂದ ಗುಂಡ ಹಿಡಿಕಿ ಸಾಕ. ಎಷ್ಟ ದಿನ ಒಣಗಬೇಕೋ ಅಷ್ಟ ದಿನ ಒಣಗಲಿ. ನಾ ಎಲ್ಲೂ ಓಡಿ ಹೋಗೂದಿಲ್ಲ."

ಸಮಾಧಾನ ಫೋನ್ ಹಚ್ಚಿದ. ವಾಕರ್ ಕಳಿಸು ಎಂದ.

"ವಾಕರ್ ಯಾಕ?" ಎಂದಳು ನೀಲಮ. "ಕೋಲಿಗಿ ಏನಾತು?"

ಅಕ್ಕುತಾಯಿ ಅವನನ್ನೇ ನೋಡುತ್ತಿದ್ದಳು. ಸಮಾಧಾನ ಗಾಣದ ತೊಲೆಗೆ ಟೊಂಗೆ ಕಟ್ಟಿದಲ್ಲಿಂದ ಹೇಳತೊಡಗಿದ.