ಆರ್ವೋ ಆರಿಸಿದ ಕೋವಿ

ಹೊಸ ಕೋವಿಯನ್ನು ಕೈಗೆ ಕೊಟ್ಟರೆ ಯಾರಾದರೂ ಕಣ್ಣರಳಿಸಿ ನೋಡುತ್ತಾರೆ. ಆರ್ವೋ ಹಕಾಲಾ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎರಡೂ ಕಣ್ಣುಗಳನ್ನು ಭದ್ರವಾಗಿ ಮುಚ್ಚಿ, ಪ್ರಾರ್ಥನೆಗೆ ನಿಂತವನ ಗಾಂಭೀರ್ಯದಿಂದ ರೈಫಲನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಅದರ ಮರದ ಹಿಡಿಯ ಮೇಲೊರಗಿಸಿ, ನಿಧಾನವಾಗಿ ಉಸಿರು ಬಿಟ್ಟು, ಆಮೇಲೆ ಬಲಗಣ್ಣನ್ನಷ್ಟೇ ತೆರೆಯುವನು. ನಳಿಗೆಯ ಮೇಲಿನ ದುರ್ಬೀನಿನ ವೃತ್ತ ತುಂಬ ಬೆಳಕು ಕಂಡರೆ ಆ ಕೋವಿ ಅವನ ಮೈಗೆ ಒಗ್ಗಿತೆಂದು ಅರ್ಥ. ಅಂಚಿನಲ್ಲಿ ಕೂದಲೆಳೆಯಷ್ಟು ಕತ್ತಲೆ ಇಣುಕಿದರೂ ಒಗ್ಗಲಿಲ್ಲವೆಂದು ಅರ್ಥ. ಒಗ್ಗದ್ದನ್ನು ಚಿಲಕದಂಥ ಬೋಲ್ಟ್ ತೆರೆದು, ಒಳಗೆ ಬೆರಳಾಡಿಸಿ, ಖಾಲಿಯೆಂದು ಖಚಿತಪಡಿಸಿಕೊಂಡು, "ಇದು ನಂದಲ್ಲ" ಎಂದು ಹಿಂದಿರುಗಿಸುತ್ತಿದ್ದ. ಆ ವರ್ಷ ಆಗಸ್ಟಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಲೆಂಪಿ ಸಾರೆಲಾಳ ಅಂಗಡಿಯಲ್ಲಿ ಅವನ ಭುಜವೇರಿ ಇಳಿಯದ ದೊಡ್ಡ ಕೋವಿ ಉಳಿದಿರಲಿಲ್ಲ.

"ಆರ್ವೋ, ಇನ್ನು ಈ ಅಂಗಡೀಲಿ ಉಳಿದಿರೋದು ನೊಣ ಹೊಡೆಯೋ ಕೋಲೊಂದೇ ಕಣಯ್ಯ. ಅದನ್ನೂ ಭುಜಕ್ಕಿಟ್ಟು ನೋಡ್ತೀಯಾ?" ಎಂದಳು ಲೆಂಪಿ ಒಂದು ಶನಿವಾರ. ಅವನ ಹೆಂಡತಿ ಸಿಲ್ವಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನನ್ನನ್ನ ಒಂದೇ ಒಂದು ಕುಣಿತ ಕುಣಿದು ಆರಿಸ್ಕೊಂಡ ಪುಣ್ಯಾತ್ಮ ಇವನು. ಕೋವಿಗೆ ನೋಡಿ, ಎರಡು ತಿಂಗಳು!" ಎಂದು ಚರ್ಚಿನ ಕಾಫಿ ಕೂಟದಲ್ಲಿ ಎಲ್ಲರನ್ನೂ ನಗಿಸಿದಳು.

ಎಪ್ಪತ್ತೊಂದರ ವಯಸ್ಸಿನಲ್ಲಿ ಹೊಸ ಕೋವಿಯ ಹುಚ್ಚೇಕೆ ಎಂದು ಹೊರಗಿನವರು ಕೇಳಿಯಾರು. ನಮ್ಮ ಊರಿನಲ್ಲಿ ಯಾರೂ ಕೇಳಲಿಲ್ಲ. ಹಿಂದಿನ ನವೆಂಬರಿನಲ್ಲಿ, ಬೇಟೆಯ ಋತು ತೆರೆದ ಎರಡನೆಯ ದಿನ, ಅವನ ಗುಂಡು ತಗುಲಿದ ಗಂಡು ಜಿಂಕೆಯೊಂದು ಬೀಳದೆ ಸೀಡರ್ ಮರಗಳ ಜೌಗಿಗೆ ನುಗ್ಗಿ ಕಣ್ಮರೆಯಾಗಿತ್ತು. ಹಿಮದ ಮೇಲಿನ ರಕ್ತದ ಹನಿಗಳ ಜಾಡು ಹಿಡಿದು ಆರ್ವೋ ಮೂರು ದಿನ ಹುಡುಕಿದ, ಮಂಡಿಯೂರಿ ತೆವಳಿ ಹುಡುಕಿದ. ಸುಪೀರಿಯರ್ ಸರೋವರದ ಕಡೆಯಿಂದ ಬಂದ ಹೊಸ ಹಿಮ ಜಾಡನ್ನೆಲ್ಲ ಮುಚ್ಚಿಹಾಕಿತು. ನಲವತ್ತನಾಲ್ಕು ಋತುಗಳಲ್ಲಿ ಅವನ ಕೈಯಲ್ಲಿ ಗಾಯಗೊಂಡು, ಸಿಗದೆ ಹೋದ ಪ್ರಾಣಿ ಅದೊಂದೇ. ನಾಲ್ಕನೆಯ ದಿನ ಕಾಡಿನೊಳಗಿನ ನಮ್ಮ ಬೇಟೆ ಕ್ಯಾಂಪಿಗೆ ಮರಳಿ, ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು, "ಕೋವಿ ಕೈ ಕೊಡ್ತು. ಮುಂದಿನ ನವೆಂಬರ್ ಹದಿನೈದಕ್ಕೆ ಋತು ತೆರೆಯೋದ್ರೊಳಗೆ ನಂಬೋವಂಥದ್ದು ಸಿಗದಿದ್ರೆ ನಾನಿನ್ನು ಜಿಂಕೆಗೆ ಗುರಿ ಇಡಲ್ಲ. ನನ್ನ ಮಂಚ ಬೇರೆಯವರಿಗೆ ಕೊಟ್ಬಿಡಿ" ಎಂದ.

ನಮ್ಮ ಕ್ಯಾಂಪಿನಲ್ಲಿರುವುದು ಆರೇ ಮಂಚ, ಮತ್ತು ಅದರಲ್ಲೊಂದು ತೆರವಾಗುವುದು ಸಾಮಾನ್ಯವಾಗಿ ಶವಸಂಸ್ಕಾರದ ಮರುದಿನ. ಬದುಕಿರುವವನೊಬ್ಬ ತಾನಾಗಿ ಮಂಚ ಬಿಡುವೆನೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗುರಿಯಲ್ಲಿ ನಾನು ಹೇಳಿಕೊಳ್ಳುವಂಥವನಲ್ಲ. ಮೂವತ್ತು ವರ್ಷಗಳಿಂದ ಅಲ್ಲಿ ಅಡುಗೆ ನನ್ನದು. ಆಲೂಗಡ್ಡೆ ಸುಲಿಯುತ್ತ ಕೂತವನಿಗೆ ಮನುಷ್ಯರನ್ನು ಗಮನಿಸಲು ಬೇಕಾದಷ್ಟು ಬಿಡುವಿರುತ್ತದೆ, ಮತ್ತು ನಾನು ಎಲ್ಲರಿಗಿಂತ ಹೆಚ್ಚು ಗಮನಿಸಿದ್ದು ಆರ್ವೋನನ್ನೇ.

ಅವನ ನಡಿಗೆಯೇ ಒಂದು ವಿಚಿತ್ರ. ನಲವತ್ತು ವರ್ಷ ಕಾಡಿನಲ್ಲಿ ಮರ ಕಡಿದು, ಬಿದ್ದ ದಿಮ್ಮಿಗಳನ್ನೂ ಮೊಣಕಾಲುದ್ದದ ಹಿಮವನ್ನೂ ದಾಟಿ ದಾಟಿ, ಅಂಗಡಿಯ ನುಣುಪಾದ ನೆಲದ ಮೇಲೂ ಅವನು ಕಾಣದ ದಿಮ್ಮಿಗಳನ್ನು ದಾಟುವವನಂತೆ ಮಂಡಿಯೆತ್ತಿ ನಡೆಯುತ್ತಿದ್ದ. ಮಾತು ಕಡಿಮೆ. ಒಪ್ಪಿಗೆಗೂ ಆಶ್ಚರ್ಯಕ್ಕೂ ಸಂದೇಹಕ್ಕೂ ನಮ್ಮ ಫಿನ್ನಿಶ್ ಅಜ್ಜಂದಿರಿಂದ ಬಂದ ಒಂದೇ "ಯೋ". ಅದನ್ನೂ ಉಸಿರು ಒಳಗೆಳೆದುಕೊಳ್ಳುತ್ತಲೇ ಹೇಳುವನಾದ್ದರಿಂದ ಕೇಳಿದವರಿಗೆ ಅವನು ಹೂಂ ಎಂದನೋ ಬಿಕ್ಕಿದನೋ ತಿಳಿಯುತ್ತಿರಲಿಲ್ಲ. ಇನ್ನು ಅವನ ಕೋಟು: ಕೆಂಪು-ಕಪ್ಪು ಚೌಕುಳಿಯ ಉಣ್ಣೆಯದು, ಮೂರು ಬಗೆಯ ಗುಂಡಿಗಳದು. ಅದರ ಬಲಭುಜದೊಳಗೆ ಮಡಿಸಿದ ದಪ್ಪ ಕಂಬಳಿಯ ತುಂಡೊಂದನ್ನು ಅವನೇ ಕೈಯಾರೆ ಹೊಲಿದುಕೊಂಡಿದ್ದ. ಹೀಗಾಗಿ ಆ ಭುಜ ಎಡಭುಜಕ್ಕಿಂತ ಎತ್ತರವಾಗಿ, ಮನುಷ್ಯ ಸದಾ ಒಂದು ಪ್ರಶ್ನೆ ಕೇಳಲು ವಾಲಿದವನ ಹಾಗೆ ತೋರುತ್ತಿದ್ದ. ಏಕೆಂದು ಕೇಳಿದರೆ "ಅಲ್ಲಿ ಚಳಿ ಜಾಸ್ತಿ" ಎನ್ನುವನು. ನಾವೂ ಪೆದ್ದರ ಹಾಗೆ ನಂಬಿದ್ದೆವು.

ಅವನ ಹಳೆಯ ರೈಫಲ್ ಮುನ್ನೂರರ ಮ್ಯಾಗ್ನಮ್, ಭಾರಿ ತೋಟಾದ್ದು, ಸಿಡಿದಾಗ ಭುಜಕ್ಕೆ ಕತ್ತೆಯಂತೆ ಒದೆಯುವಂಥದ್ದು. ಮೂವತ್ತು ವರ್ಷದ ಕೆಳಗೆ ಒಂಟಾರಿಯೊಗೆ ಮೂಸ್ ಎಂಬ ದೈತ್ಯ ಕಡವೆಯ ಬೇಟೆಗೆಂದು ಕೊಂಡದ್ದು. ಹತ್ತು ದಿನ ಅಲೆದರೂ ಮೂಸಿನ ಬಾಲವೂ ಕಾಣದೆ ಮರಳಿದ್ದ. ಮೂಸಿನ ಆಸೆ ಹೋಯಿತು, ಕೋವಿ ಉಳಿಯಿತು. ಆನೆಯಂಥ ಪ್ರಾಣಿಗೆಂದು ತಂದದ್ದನ್ನು ನಮ್ಮ ಬಡಪಾಯಿ ಜಿಂಕೆಗಳ ಮೇಲೆ ಪ್ರಯೋಗಿಸುತ್ತ, ಅದರ ಆರ್ಭಟದ ಬಗ್ಗೆ ಸಣ್ಣದೊಂದು ಜಂಬವನ್ನೂ ಬೆಳೆಸಿಕೊಂಡಿದ್ದ. ಆ ಜಂಬದ ಪೆಟ್ಟು ಬೀಳುತ್ತಿದ್ದುದು ಪಕ್ಕದ ಮಂಚದ ಒನ್ನಿ ಪೆಲ್ಟೋಲಾನ ಮೇಲೆ. ಒನ್ನಿಯದು ಇನ್ನೂರ ನಲವತ್ತಮೂರರ ಪುಟ್ಟ ಕೋವಿ. ಮೊದಲ ಸಲ ಬೇಟೆಗೆ ಹೋಗುವ ಮಕ್ಕಳಿಗೆ ಕೊಡಿಸುವಂಥದ್ದು. "ಏನೋ ಒನ್ನಿ, ಜಿಂಕೆಗೆ ಕಚಗುಳಿ ಇಡೋಕೆ ಹೊರಟ್ಯಾ?" ಎಂದು ಪ್ರತಿ ನವೆಂಬರಿನ ಮೊದಲ ಬೆಳಿಗ್ಗೆ ಆರ್ವೋ ಕೇಳದೆ ಇದ್ದದ್ದಿಲ್ಲ. ಒನ್ನಿ ಪ್ರತಿವರ್ಷ ಜಿಂಕೆ ತರುತ್ತಿದ್ದ, ಪ್ರತಿವರ್ಷ ಕಚಗುಳಿಯ ಮಾತನ್ನೂ ನುಂಗಿಕೊಳ್ಳುತ್ತಿದ್ದ.

ಹೊಸದನ್ನು ಹುಡುಕುವಾಗಲೂ ಆರ್ವೋನ ಕಣ್ಣು ಮ್ಯಾಗ್ನಮ್ಮುಗಳ ಸಾಲು ಬಿಟ್ಟು ಕದಲಲಿಲ್ಲ. ಲೆಂಪಿ ಕೊಟ್ಟದ್ದನ್ನು ಭುಜಕ್ಕೆ ಇಡುವನು, ತೆಗೆಯುವನು. ಅವಳ ಗಂಡ ಕೋವಿ ರಿಪೇರಿಯಲ್ಲಿ ಪಳಗಿದ ಕೈ. ಅವನು ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ಅಂಗಡಿಯನ್ನು ಒಬ್ಬಳೇ ನಡೆಸುತ್ತ, ಯಾವ ಗಿರಾಕಿಗೆ ಕೋವಿ ಬೇಕು, ಯಾವನಿಗೆ ಬರೀ ಸಮಾಧಾನ ಬೇಕು ಎಂಬುದನ್ನು ಅವಳು ಮುಖ ನೋಡಿ ಹೇಳಬಲ್ಲವಳಾಗಿದ್ದಳು. ಅಕ್ಟೋಬರ್ ಮೊದಲ ವಾರ, ಆರ್ವೋ ಕೋಟು ಕಳಚಿ ಗೂಟಕ್ಕೆ ಹಾಕಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ, ಅವಳು ಆ ಬಲಭುಜದ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದ್ದನ್ನು ನಾನು ಕಂಡೆ.

"ಚಳಿಗೆ ಅಂತ ಹೊಲಿದಿದ್ರೆ ಎರಡೂ ಭುಜಕ್ಕೆ ಹೊಲೀಬೇಕಿತ್ತಲ್ವಾ?" ಎಂದು ನನಗೆ ಮಾತ್ರ ಕೇಳುವಂತೆ ಅಂದಳು. ನಾನು ಬಾಯಿ ತೆರೆಯುವ ಮೊದಲೇ, "ಬುಧವಾರ ಬೆಳಿಗ್ಗೆ ಇವನ್ನ ಜಲ್ಲಿ ಗುಂಡಿಗೆ ಕರ್ಕೊಂಡು ಬಾ. ಬೇರೆ ಯಾರೂ ಬೇಡ. ನೀನೇ ಯಾಕೆ ಅಂದ್ರೆ, ನೀನು ಊರಿಗೆಲ್ಲ ಹೇಳಿದ್ರೂ ಯಾರೂ ನಂಬಲ್ಲ" ಎಂದಳು. ನನ್ನ ಬಗ್ಗೆ ಊರಿನ ಅಭಿಪ್ರಾಯ ಅದು, ಇರಲಿ.

ಊರಾಚೆಯ ಆ ಹಳೆಯ ಜಲ್ಲಿ ಗುಂಡಿಯಲ್ಲೇ ನಾವೆಲ್ಲ ಋತುವಿಗೆ ಮುಂಚೆ ಕೋವಿಗಳ ಗುರಿ ಸರಿಮಾಡಿಕೊಳ್ಳುವುದು. ಬುಧವಾರ ಲೆಂಪಿ ಜ್ವರ ಬಂದರೂ ಮುಚ್ಚದ ಅಂಗಡಿಯನ್ನು ಮುಚ್ಚಿ, ಹೊಸ ಮ್ಯಾಗ್ನಮ್ಮೊಂದನ್ನು ಹೊತ್ತು ಬಂದಳು. "ಬೋಲ್ಟ್ ಹೊಸದು, ಬಿಗಿ ಇದೆ. ತೋಟಾ ನಾನೇ ಹಾಕ್ಕೊಡ್ತೀನಿ" ಎಂದಳು. ಆರ್ವೋ ಮರಳುಚೀಲದ ಮೇಲೆ ನಳಿಗೆಯನ್ನಿಟ್ಟು ಕೂತ. ಮೊದಲ ಗುಂಡು ಗುಂಡಿಯ ಗೋಡೆಗಳಲ್ಲಿ ಗುಡುಗಿತು. ಎರಡನೆಯದೂ ಗುಡುಗಿತು. ಮೂರನೆಯದಕ್ಕೆ ಅವನು ಟ್ರಿಗರ್ ಎಳೆದಾಗ ಬಂದದ್ದು ಒಣ ಕಡ್ಡಿ ಮುರಿದಂಥ "ಟಿಕ್" ಎಂಬ ಸದ್ದು ಮಾತ್ರ. ಆದರೆ ಸಿಡಿಯದ ಆ ಕೋವಿಯ ನಳಿಗೆ, ಯಾರೋ ಮೇಲಿನಿಂದ ಗುದ್ದಿದಂತೆ, ನಾಲ್ಕು ಬೆರಳು ಕೆಳಕ್ಕೆ ಕುಸಿಯಿತು.

"ತೋಟಾ ಕೆಟ್ಟಿದೆ" ಎಂದ ಆರ್ವೋ.

"ಕೆಟ್ಟಿಲ್ಲ, ಅದರಲ್ಲಿ ಮದ್ದೇ ಇಲ್ಲ. ಬೇಕಂತಲೇ ಹಾಕ್ದೆ" ಎಂದಳು ಲೆಂಪಿ.

ಅವನು ಅವಳನ್ನು ನೋಡಿದ, ನಳಿಗೆಯನ್ನು ನೋಡಿದ. "ಇನ್ನೊಂದ್ಸಲ" ಎಂದ. ಯಾವುದು ತುಂಬಿದ್ದು, ಯಾವುದು ಖಾಲಿಯದು ಎಂದು ತೋರಿಸದೆ ಅವಳು ಮತ್ತೆ ಹಾಕಿಕೊಟ್ಟಳು. ಖಾಲಿ ಬಂದಾಗಲೆಲ್ಲ ನಳಿಗೆ ಕುಸಿಯಿತು. ಮೂವತ್ತು ವರ್ಷ ಒದೆ ತಿಂದ ಮೈ, ಇನ್ನೇನು ಒದೆ ಬಿತ್ತು ಎನ್ನುವ ಕ್ಷಣಕ್ಕೆ ಯಜಮಾನನ ಅಪ್ಪಣೆಯಿಲ್ಲದೆಯೇ ಮುಂದಕ್ಕೆ ನೂಕಿ ತನ್ನನ್ನು ಕಾಪಾಡಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಗುಂಡು ಸಿಡಿದಾಗ ಆ ಅದುರು ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು, ಖಾಲಿ ತೋಟಾ ಅದನ್ನು ಬಯಲಿಗೆಳೆಯಿತು. ನನಗೆ ನೋಡಲಾಗದೆ ಜಲ್ಲಿಯ ರಾಶಿಯ ಕಡೆ ಮುಖ ತಿರುಗಿಸಿದೆ.

"ಹಾಗಾದ್ರೆ ಹೋದ ವರ್ಷದ್ದು ಕೋವಿ ತಪ್ಪಲ್ಲ" ಎಂದ ಆರ್ವೋ, ಕೋವಿಯನ್ನು ಮರಳುಚೀಲದ ಮೇಲೆ ಮಲಗಿಸಿ.

"ಅಲ್ಲ."

"ಯಾವಾಗಿಂದ ಹೀಗೆ?"

"ಕೋಟಿಗೆ ಹೊಲಿಗೆ ಹಾಕ್ದಾಗಿಂದ ಅಂತ ಕಾಣುತ್ತೆ ಕಣಪ್ಪ" ಎಂದಳು ಲೆಂಪಿ. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅವಳ ಗಂಡನ ಮಣ್ಣಿನ ದಿನವೂ ಕೇಳಿರಲಿಲ್ಲ. "ಯಾರಿಗೂ ಗೊತ್ತಾಗ್ಬೇಕಾಗಿಲ್ಲ. ವಯಸ್ಸಾಯ್ತು, ಹಗುರದ್ದು ತಗೊಂಡೆ ಅಂದ್ರೆ ಮುಗೀತು."

"ಯೋ" ಎಂದ ಅವನು, ಉಸಿರನ್ನು ಒಳಗೆಳೆದುಕೊಂಡು. ಅದು ಯಾವ ಬಗೆಯ ಯೋ ಎಂದು ಶನಿವಾರದವರೆಗೂ ನಾನು ತಲೆ ಕೆಡಿಸಿಕೊಂಡೆ.

ಶನಿವಾರ ಅಂಗಡಿಯಲ್ಲಿ ಕ್ಯಾಂಪಿನವರೆಲ್ಲ ನೆರೆದಿದ್ದರು. ಒನ್ನಿ ಕೌಂಟರಿಗೊರಗಿ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದ. ಆರ್ವೋ ಮಂಡಿಯೆತ್ತಿ ಮಂಡಿಯೆತ್ತಿ ನಡೆದು ಬಂದು, ಯಾರ ಕುಶಲವನ್ನೂ ಕೇಳದೆ, ಚರ್ಚಿನಲ್ಲಿ ಓದುವಷ್ಟು ಗಟ್ಟಿಯಾಗಿ ಹೇಳಿದ: "ಹೋದ ವರ್ಷ ಕೋವಿ ಸರಿಯಾಗೇ ಇತ್ತು. ಟ್ರಿಗರ್ ಎಳೆಯೋ ಮುಂಚೆ ನಾನೇ ಬೆದರ್ತೀನಿ. ಆ ಜಿಂಕೆ ನರಳಿದ್ದು ನನ್ನಿಂದ. ನಾನು ಕೋವಿ ಮೇಲೆ ಸುಳ್ಳು ಹೇಳ್ದೆ." ಆಮೇಲೆ ಮ್ಯಾಗ್ನಮ್ಮುಗಳ ಸಾಲು ದಾಟಿ ಮೂಲೆಗೆ ಹೋಗಿ, ಇನ್ನೂರ ನಲವತ್ತಮೂರರ ಬೋಲ್ಟ್ ರೈಫಲೊಂದನ್ನು ಎತ್ತಿಕೊಂಡು ಭುಜಕ್ಕಿಟ್ಟ. ಕಣ್ಣು ಮುಚ್ಚಿದ, ತೆರೆದ. "ಇದು ನಂದು" ಎಂದ.

ಒನ್ನಿ ಬಾಯಿ ತೆರೆದ. ಅಷ್ಟೂ ವರ್ಷಗಳ ಕಚಗುಳಿಗೆ ಉತ್ತರ ಕೊಡಲು ಇದಕ್ಕಿಂತ ಪ್ರಶಸ್ತವಾದ ಮುಹೂರ್ತ ಅವನ ಜನ್ಮದಲ್ಲಿ ಬರುವಂತಿರಲಿಲ್ಲ, ನಾವೆಲ್ಲ ಕಾದೆವು. ಅವನು ಬಾಯೊಳಗಿದ್ದ ತುತ್ತನ್ನು ನುಂಗಿ, "ಒದೆಯಲ್ಲ ಕಣೋ ಅದು. ಸುಮ್ನೆ ಬೆನ್ನು ತಟ್ಟಿದ ಹಾಗಿರುತ್ತೆ" ಎಂದ. ಆರ್ವೋ ಅವನ ಕಡೆ ತಿರುಗಿ, "ನೀನೇ ತೋಟಾ ಹಾಕ್ಕೊಡ್ಬೇಕು. ನಡುನಡುವೆ ಹತ್ತು ಖಾಲಿ. ಎಲ್ಲಿ ಬರುತ್ತೆ ಅಂತ ನಂಗೆ ಗೊತ್ತಾಗ್ಬಾರ್ದು. ಹತ್ತಕ್ಕೆ ಹತ್ತೂ ಅಲುಗದೆ ಇದ್ರೆ ಮಾತ್ರ ಈ ವರ್ಷ ಕಾಡಿಗೆ" ಎಂದ.

ಐದು ವಾರ ಆ ಇಬ್ಬರು ಮುದುಕರು ದಿನ ತಪ್ಪದೆ ಗುಂಡಿಗೆ ಹೋದರು. ಮೊದಲ ದಿನ ನಳಿಗೆ ಅಲುಗದೆ ನಿಂತದ್ದು ಹತ್ತರಲ್ಲಿ ಎರಡು ಸಲ. ಅಕ್ಟೋಬರ್ ಮುಗಿಯುವಾಗ ಆರು. ಕೆಟ್ಟ ದಿನಗಳಲ್ಲಿ ಮತ್ತೆ ನಾಲ್ಕು, ಆ ದಿನ ಒನ್ನಿಯೇ ಬೈದು ಮನೆಗೆ ಕಳಿಸುತ್ತಿದ್ದ. ನವೆಂಬರ್ ಹದಿನಾಲ್ಕರ ಮಧ್ಯಾಹ್ನ, ಕ್ಯಾಂಪಿಗೆ ಸಾಮಾನು ಹೇರುವ ಮುಂಚೆ, ಕೊನೆಯ ಪರೀಕ್ಷೆಗೆ ನಾನೂ ಹೋದೆ. ಒಂಬತ್ತು ಸಲ ಆ ನಳಿಗೆ ಕಲ್ಲಿನಲ್ಲಿ ನೆಟ್ಟಂತೆ ನಿಂತಿತು. ಹತ್ತನೆಯದಕ್ಕೆ ಒಂದಿಷ್ಟೇ, ಗೋಧಿಕಾಳಿನಷ್ಟೇ, ತಲೆ ಬಾಗಿಸಿತು.

"ಒಂಬತ್ತು ಸಾಕು ಮಾರಾಯ!" ಎಂದು ಒನ್ನಿ ಕೂಗಿದ. "ಈ ಊರಲ್ಲಿ ಒಂಬತ್ತು ಬರೋರು ಯಾರಿದ್ದಾರೆ ಹೇಳು? ನಂಗೇ ಬರಲ್ಲ!"

ಆರ್ವೋ ಬೋಲ್ಟ್ ತೆರೆದು, ಖಾಲಿ ತೋಟಾವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. "ಆ ಹತ್ತನೇದು ಯಾವ ಜಿಂಕೆ ಪಾಲಿಗೆ ಅಂತ ನೀನು ಹೇಳ್ತೀಯಾ?" ಎಂದು ಕೇಳಿದ. ಜಗಳದ ದನಿಯಲ್ಲ, ನಿಜವಾಗಿಯೂ ಉತ್ತರ ಬೇಕಾದವನ ದನಿ. ಒನ್ನಿ ಉಳಿದ ತೋಟಾಗಳನ್ನು ಡಬ್ಬಿಗೆ ತುಂಬತೊಡಗಿದ. "ನನ್ನ ಮಂಚ..." ಎಂದು ಆರ್ವೋ ಶುರುಮಾಡಿದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು. "ಮಂಚದ ಸುದ್ದಿ ಎತ್ಬೇಡ. ಮೂವತ್ತು ವರ್ಷದಿಂದ ನಿಮ್ಮೆಲ್ಲರ ಎಂಜಲು ತಟ್ಟೆ ನಾನೊಬ್ನೇ ಉಜ್ಜಿದ್ದೀನಿ. ಬಂದು ಪಾತ್ರೆ ತೊಳಿ" ಎಂದೆ. ಅವನು ಬಂದ. ಹದಿನಾರು ದಿನ, ಉಳಿದವರೆಲ್ಲ ಬೆಳಗಾಗುವಾಗ ಕಾಡಿಗಿಳಿದ ಮೇಲೆ, ತೋಳು ಮಡಿಸಿ ನನ್ನ ಪಕ್ಕದಲ್ಲಿ ನಿಂತು, ಬಾಣಲೆಯ ಬೆನ್ನಿನ ಹಳೆಯ ಮಸಿಯನ್ನೂ ಬಿಡದೆ ಉಜ್ಜಿದ. ಹೊಸ ಕೋವಿ ಮೊಳೆಯ ಮೇಲೆ ತೂಗುತ್ತಿತ್ತು. ದೂರದಲ್ಲಿ ಗುಂಡಿನ ಸದ್ದು ಕೇಳಿದಾಗ ಅವನ ಕೈ ನೀರಿನಲ್ಲೇ ಒಂದು ಕ್ಷಣ ನಿಲ್ಲುತ್ತಿತ್ತು. ಎರಡನೆಯ ಸದ್ದು ಬರದಿದ್ದರೆ, ಅಂದರೆ ಒಂದೇ ಗುಂಡಿಗೆ ಕೆಲಸ ಮುಗಿದಿದ್ದರೆ, ಮತ್ತೆ ಉಜ್ಜತೊಡಗುತ್ತಿದ್ದ.

ಬೇಟೆಗಾರರನ್ನು ಲೋಕ ಅಳೆಯುವುದು ಅವರು ಹೊಡೆದುರುಳಿಸಿದ್ದರಿಂದ. ಅದಕ್ಕೆ ಸಾಕ್ಷಿಯಾಗಿ ಗೋಡೆಗಳ ಮೇಲೆ ಕೊಂಬುಗಳಿವೆ. ಹೊಡೆಯದೆ ತಡೆದುಕೊಂಡದ್ದನ್ನು ನೇತುಹಾಕಲು ಯಾವ ಮನೆಯಲ್ಲೂ ಗೋಡೆಯಿಲ್ಲ. ತನ್ನ ಕೈಯನ್ನು ತಾನೇ ಅನುಮಾನಿಸಿ, ಅದನ್ನು ನಾಲ್ಕು ಜನರ ಮುಂದೆ ಒಪ್ಪಿ, ಅನುಮಾನ ತೀರುವತನಕ ಆ ಕೈಯನ್ನು ಕಟ್ಟಿಹಾಕಿಕೊಂಡು ಕೂರಬಲ್ಲವರು ಎಲ್ಲ ಊರುಗಳಲ್ಲೂ, ಎಲ್ಲ ಕಸುಬುಗಳಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ನಾವು ಅವರನ್ನು ಹಠಮಾರಿಗಳೆಂದು ಆಡಿಕೊಂಡು ನಗುತ್ತೇವೆ. ಅವರ ಹಠದಿಂದ ಉಳಿದುಕೊಂಡ ಜೀವಕ್ಕೆ ತಾನು ಉಳಿದದ್ದೇ ತಿಳಿದಿರುವುದಿಲ್ಲ, ಹೀಗಾಗಿ ಅವರಿಗೆ ಕೃತಜ್ಞತೆ ಹೇಳಲು ಯಾರೂ ಬರುವುದಿಲ್ಲ. ಬರುವುದಿಲ್ಲವೆಂದು ಅವರಿಗೂ ಚೆನ್ನಾಗಿ ಗೊತ್ತು.