ಹಿತ್ತಲಿನ ಸೀಸ

ವರಲಕ್ಷ್ಮಿಯ ಹಣೆ ಒಡೆದದ್ದು ಸ್ಟೀಲಿನ ನೀರಿನ ಬಾಟಲಿಯಿಂದ. ಹೊಡೆದವಳು ಅದೇ ಬೆಂಚಿನಲ್ಲಿ ಕೂರುವ ಗೆಳತಿ ಲೋಹಿತಾ. ಲೋಹಿತಾಳ ತಾಯಿ ಮಂಗಳಾ ಹೊಲದಿಂದ ಹೈಸ್ಕೂಲಿಗೆ ಓಡಿ ಬರುವಷ್ಟರಲ್ಲಿ ಗಾಯವಾದ ಹುಡುಗಿಯನ್ನು ಆಟೋದಲ್ಲಿ ಕಳಿಸಿಯಾಗಿತ್ತು. ಲೋಹಿತಾ ಹೆಡ್‌ಮಾಸ್ತರರ ಕೋಣೆಯಲ್ಲಿ ಗೋಡೆಗೊರಗಿ ಉಗುರು ಕಚ್ಚುತ್ತಾ ನಿಂತಿದ್ದಳು.

"ಆ ಹುಡುಗಿ ಪೆನ್ನು ಕೇಳಿದ್ಲಂತೆ, ಅಷ್ಟೇ," ಎಂದರು ಹೆಡ್‌ಮಾಸ್ತರು ರುದ್ರಯ್ಯ. "ಇದೇನು ಮೊದಲನೇ ಸಲ ಅಲ್ಲ. ಟಿ.ಸಿ. ಬರೆದುಕೊಡ್ತೀನಿ, ಕರ್ಕೊಂಡು ಹೋಗಿ."

"ಯಾಕೆ ಹೊಡ್ದೆ?" ಮಂಗಳಾ ಮಗಳ ರಟ್ಟೆ ಹಿಡಿದು ಕೇಳಿದಳು.

"ಗೊತ್ತಿಲ್ಲ ಅವ್ವ. ಹೊಡೆದ್ಮೇಲೇ ನಂಗೆ ಗೊತ್ತಾಗಿದ್ದು."

ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಮಂಗಳಾಳಿಗೆ ಭಯವಾದದ್ದು ಅದಕ್ಕೇ.

ಗೇಟಿನ ಹತ್ತಿರ ಗಣಿತದ ಟೀಚರ್ ವೇದಾವತಿ ಹಿಂದಿನಿಂದ ಬಂದು ನಿಲ್ಲಿಸಿದರು. "ಮಂಗಳಮ್ಮ, ಎಂಟನೇ ಕ್ಲಾಸಿಗೆ ಬಂದಾಗ ಇವಳು ನಾನು ಲೆಕ್ಕ ಬರೆದು ಮುಗಿಸೋ ಮೊದಲೇ ಉತ್ತರ ಹೇಳೋಳು. ಈಗ ನಿನ್ನೆ ಮಾಡಿದ್ದು ಇವತ್ತು ನೆನಪಿರಲ್ಲ. ಯಾವಾಗಲೂ ಹೊಟ್ಟೆನೋವು ಅಂತಾಳೆ. ಇದು ಬರೀ ಕೊಬ್ಬು ಅಂತ ನಂಗನ್ನಿಸಲ್ಲ. ಟಿ.ಸಿ. ವಿಷಯ ನಾನು ಮಾತಾಡ್ತೀನಿ. ನೀವು ಮೊದಲು ಡಾಕ್ಟರಿಗೆ ತೋರಿಸಿ."

ಮನೆಯಲ್ಲಿ ಅತ್ತೆ ಪುಟ್ಟಕ್ಕ ಬೇರೆಯೇ ದಾರಿ ಹೇಳಿದಳು. "ಒಂದು ಗಂಡು ನೋಡಿ ಮದ್ವೆ ಮಾಡ್ಬುಡ್ರಿ. ತಾನೇ ತಣ್ಣಗಾಯ್ತಾಳೆ." ಗಂಡ ಓಬಳರಾಜು ಬೇಡ ಎನ್ನಲಿಲ್ಲ. ಅದು ಮಂಗಳಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಾರನೆಯ ದಿನವೇ ಮಗಳನ್ನು ಮಧುಗಿರಿ ಬಸ್ಸು ಹತ್ತಿಸಿದಳು.

ಡಾಕ್ಟರು ಲೋಹಿತಾಳ ಒಸಡು ನೋಡಿದರು, ಹೊಟ್ಟೆ ಅದುಮಿದರು, ಆಮೇಲೆ, "ಮನೇಲಿ ಏನು ಕೆಲಸ?" ಎಂದು ಕೇಳಿದರು. ಮಂಗಳಾ ಹೆಮ್ಮೆಯಿಂದಲೇ ಹೇಳಿದಳು. ಗಂಡನದು ಸಿರಾ ರಸ್ತೆಯಲ್ಲಿ ಬ್ಯಾಟರಿ ಅಂಗಡಿ. ಲಾರಿಯವು, ಪಾವಗಡದ ಕಡೆಯಿಂದ ಬರುವ ಸೋಲಾರ್ ದೀಪದವು, ಹೀಗೆ ಸತ್ತ ಬ್ಯಾಟರಿಗಳನ್ನೆಲ್ಲ ಮನೆಗೆ ತಂದು, ಹಿತ್ತಲಲ್ಲಿ ಒಡೆದು, ಒಳಗಿನ ಸೀಸವನ್ನು ಬಾಣಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಾನೆ. ಮಗಳು ಸ್ಕೂಲಿಂದ ಬಂದು ಬ್ಯಾಟರಿಯೊಳಗಿನ ಸೀಸದ ಪ್ಲೇಟುಗಳನ್ನು ಬಿಡಿಸಿ ಕೊಡುತ್ತಾಳೆ. ಆ ಒಲೆಯ ಪಕ್ಕದಲ್ಲೇ ಕೂತು ಓದಿಕೊಳ್ಳುತ್ತಾಳೆ.

ಡಾಕ್ಟರು ಮುಂದಕ್ಕೆ ಏನೂ ಕೇಳದೆ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ರಿಪೋರ್ಟು ಬಂದ ದಿನ ತಾಯಿ ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇವಳ ರಕ್ತದಲ್ಲಿ ಸೀಸ ವಿಪರೀತ ಇದೆಯಮ್ಮ. ಹೊಗೆಯಲ್ಲಿ, ಧೂಳಲ್ಲಿ, ಊಟ ಮಾಡೋ ಕೈಯಲ್ಲಿ ಒಳಗೆ ಹೋಗಿದೆ. ಅದು ಮಿದುಳಿಗೇ ಪೆಟ್ಟು. ಸಿಟ್ಟು ಎಲ್ಲರಿಗೂ ಬರುತ್ತೆ, ತಡೆದುಕೊಳ್ಳೋ ಶಕ್ತಿ ಇವಳಲ್ಲಿ ಕುಂದಿದೆ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಆದರೆ ಆ ಕೆಲಸ ನಿಲ್ಲದೆ ಯಾವ ಔಷಧಿಯೂ ನಾಟಲ್ಲ."

ಊರಿಗೆ ಬಂದು ಇಳಿದಾಗ ತಮ್ಮ ಹಿತ್ತಲಿಂದ ಹೊಗೆ ಏಳುತ್ತಿರುವುದು ದೂರದಿಂದಲೇ ಕಂಡಿತು. ಹೊಸ ಲೋಡು ಬಂದಿತ್ತು. ಓಬಳರಾಜು ಒಲೆಯ ಮುಂದೆ ಕೂತು, ಕರಗಿದ ಸೀಸದ ಮೇಲಿನ ಕಿಟ್ಟವನ್ನು ಸೌಟಿನಿಂದ ತೆಗೆಯುತ್ತಿದ್ದ.

"ಮಾವ, ಒಲೆ ಆರಿಸು," ಎಂದಳು ಮಂಗಳಾ ಗಂಡನಿಗೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

ಅವನು ತಲೆ ಎತ್ತಲಿಲ್ಲ. "ನಾನು ಮೀಸೆ ಬರೋಕೆ ಮುಂಚಿಂದ ಇದ್ರಲ್ಲೇ ಇದೀನಿ. ನಂಗೇನಾಗೈತೆ? ಅವಳು ಮಾಡಿದ್ ತಪ್ಪಿಗೆ ನನ್ ಅನ್ನದ ಮೇಲೆ ಯಾಕೆ ಹಾಕ್ತೀಯ? ಅವ್ವ ಹೇಳ್ದಂಗೆ ಮಾಡೋದೇ ಸರಿ. ಆ ಕೊಳಾಲದ ಗಂಡಿನ ಕಡೆಯೋರಿಗೆ ಹೇಳಿ ಕಳಿಸ್ತೀನಿ."

ಹಿಂದೆ ಏನೋ ಸದ್ದಾಯಿತು. ಮಂಗಳಾ ತಿರುಗಿದಳು. ಲೋಹಿತಾ ತೊಟ್ಟಿಯಿಂದ ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಣಲೆಯತ್ತ ಬರುತ್ತಿದ್ದಳು. ಕಣ್ಣು ಕೆಂಪಗಿತ್ತು.

"ನಾನೇ ಆರಿಸ್ತೀನಿ!"

ಮಂಗಳಾಳಿಗೆ ಹಿಂದಿನದು ನೆನಪಾಯಿತು. ಒಂದು ಮಳೆಗಾಲದಲ್ಲಿ ಕಾದ ಸೀಸಕ್ಕೆ ನಾಲ್ಕು ಹನಿ ಬಿದ್ದು ಅದು ಗುಂಡಿನಂತೆ ಸಿಡಿದಿತ್ತು. ಓಬಳರಾಜುವಿನ ತೋಳಿನ ಚರ್ಮ ಕಿತ್ತು ಬಂದಿತ್ತು. ಈಗ ಇರುವುದು ಒಂದು ಬಕೆಟ್ಟು ನೀರು. ಅವನು ಬಾಣಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಏಳಲು ಹೋದರೂ ಹುಡುಗಿ ಎರಚಿಬಿಡುತ್ತಾಳೆ.

"ಲೋಹಿ, ಬ್ಯಾಡ!" ಓಬಳರಾಜು ಕೂಗಿದ.

ಮಂಗಳಾ ಓಡಿಹೋಗಿ ಬಾಣಲೆಗೂ ಮಗಳಿಗೂ ನಡುವೆ ನಿಂತಳು. ಬೆನ್ನು ಸುಡುತ್ತಿತ್ತು. ಮಗಳ ಕೈ ಹಿಡಿಯಲು ಹೋಗಲಿಲ್ಲ. ಮುಟ್ಟಿದರೆ ಸಿಡಿಯುವ ಹೊತ್ತು ಅದು ಎಂದು ಅವಳಿಗೆ ಗೊತ್ತಿತ್ತು.

"ನನ್ ಮುಖ ನೋಡು ಮಗ. ನೀನು ಕೆಟ್ಟೋಳಲ್ಲ ಕಣಮ್ಮ. ಡಾಕ್ಟ್ರು ಹೇಳಿದ್ ಕೇಳಿಸ್ಕೊಂಡ್ಯಲ್ಲ? ಇದು ನಿನ್ ತಪ್ಪಲ್ಲ."

"ಮತ್ತೆ ಯಾರ್ದು?" ಹುಡುಗಿ ಕಿರುಚಿದಳು. ಬಕೆಟ್ಟು ತುಳುಕಿ ಮಂಗಳಾಳ ಪಾದದ ಮೇಲೆ ನೀರು ಬಿತ್ತು. "ಎಲ್ಲಾರೂ ನನ್ನೇ ಅಂತಾರೆ! ಯಾರ್ದು ತಪ್ಪು, ಹೇಳು!"

ಮಂಗಳಾಳ ಬೆನ್ನ ಹಿಂದೆ ಸೀಸ ಸಣ್ಣಗೆ ಬುಸುಗುಡುತ್ತಿತ್ತು.

"ನಂದು ಕಣವ್ವ," ಎಂದ ಓಬಳರಾಜು. ಸೌಟನ್ನು ಕೆಳಗಿಟ್ಟು ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದ. "ನಂದೇ. ಬಕೆಟ್ ಇಳಿಸು. ನಿಮ್ಮವ್ವ ಸುಟ್ಟೋಯ್ತಾಳೆ."

ಲೋಹಿತಾಳ ತೋಳು ಸೋತಿತು. ಬಕೆಟ್ಟು ಜಾರಿ ಅಡ್ಡ ಬಿದ್ದು, ನೀರು ನೆಲದ ಇಳಿಜಾರಿನಲ್ಲಿ ಪರಂಗಿ ಗಿಡದ ಕಡೆಗೆ ಹರಿಯಿತು. ಮಂಗಳಾ ಮಗಳನ್ನು ಬಾಚಿ ತಬ್ಬಿಕೊಂಡು ಅಂಗಳಕ್ಕೆ ಎಳೆದುಕೊಂಡು ಹೋದಳು. ಇಬ್ಬರೂ ಅಲ್ಲೇ ಕುಸಿದು ಕೂತರು.

ಓಬಳರಾಜು ಸೌದೆ ಎಳೆದು ಒಲೆ ಆರಿಸಿದ. ಅಲ್ಲಿಂದಾಚೆ ಆ ಒಲೆ ಹೊತ್ತಲಿಲ್ಲ. ಹಳೆಯ ಬ್ಯಾಟರಿಗಳನ್ನು ಈಗ ಅವನು ಒಡೆಯದೆ, ಇಡಿಯಾಗಿ ಲೈಸೆನ್ಸು ಇರುವವರಿಗೆ ಕೊಡುತ್ತಾನೆ. ಲಾಭ ಕಡಿಮೆ ಎಂದು ಗೊಣಗುತ್ತಾನೆ, ಆದರೆ ಕೊಡುತ್ತಾನೆ. ಮದುವೆಯ ಮಾತನ್ನು ಪುಟ್ಟಕ್ಕ ಮತ್ತೆ ತೆಗೆದಾಗ, "ಸುಮ್ಕಿರವ್ವ" ಎಂದವನು ಅವನೇ. ಹಿತ್ತಲಿನ ಮಣ್ಣಿಗೇ ಸೀಸ ಸೇರಿದ್ದರಿಂದ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಹಿಡಿದರು.

ಕ್ಷಮೆ ಕೇಳಲು ಮಂಗಳಾ ಮಗಳನ್ನು ವರಲಕ್ಷ್ಮಿಯ ಮನೆಗೂ ಕರೆದುಕೊಂಡು ಹೋದಳು. ಆ ಹುಡುಗಿಯ ತಾಯಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ಒಳಗೆ ಕರೆಯಲಿಲ್ಲ. ಅದಕ್ಕೆ ಮಂಗಳಾ ಬೇಸರ ಮಾಡಿಕೊಳ್ಳಲಿಲ್ಲ. ವೇದಾವತಿ ಮಾತಾಡಿದ ಮೇಲೆ ರುದ್ರಯ್ಯನವರು ಟಿ.ಸಿ. ಮಾತು ಬಿಟ್ಟರು.

ಬೆಂಗಳೂರಿನ ಚಿಕಿತ್ಸೆಯಿಂದ ರಕ್ತದಲ್ಲಿನ ಸೀಸ ಇಳಿಯುತ್ತಾ ಬಂತು. ಹೋದದ್ದೆಲ್ಲ ವಾಪಸು ಬರುತ್ತದೆಂದು ಹೇಳಲಾರೆ ಎಂದರು ಅಲ್ಲಿನ ಡಾಕ್ಟರು. ಲೋಹಿತಾ ಈಗಲೂ ಮರೆಯುತ್ತಾಳೆ, ಈಗಲೂ ತಟ್ಟೆ ಎಸೆಯುತ್ತಾಳೆ.

ಮೊನ್ನೆ ಸ್ಕೂಲಿಂದ ಫೋನು ಬಂತು. "ಯಾರಿಗೆ ಹೊಡೆದ್ಲು ಮೇಡಂ?" ಎಂದು ಮಂಗಳಾ ಮೊದಲೇ ಕೇಳಿದಳು.

"ಯಾರಿಗೂ ಇಲ್ಲ," ಎಂದರು ವೇದಾವತಿ. "ಕ್ಲಾಸಿಂದ ಎದ್ದು ಹೊರಗೆ ಓಡಿಹೋದಳು, ಅಷ್ಟೇ. ಹೊಂಗೆ ಮರದ ಕೆಳಗೆ ಕೂತಿದ್ದಾಳೆ. ಒಂದ್ಸಲ ಬಂದು ಹೋಗ್ತೀರಾ?"

ಮಂಗಳಾ ಹೋದಾಗ ಮಗಳು ಮಂಡಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಮೈಯೆಲ್ಲ ಇನ್ನೂ ನಡುಗುತ್ತಿತ್ತು.

"ಹೊಡೀಬೇಕು ಅನ್ನಿಸ್ತವ್ವ," ಎಂದಳು. "ಎದ್ದು ಬಂದ್ಬುಟ್ಟೆ."

ಮಂಗಳಾ ಅವಳ ಪಕ್ಕದಲ್ಲಿ ಕೂತು, ನಡುಕ ನಿಲ್ಲುವ ತನಕ ಬೆನ್ನು ಸವರಿದಳು.